ಜೊಂಡಿಗೆ ರಜೆ ಕೊಟ್ಟ ಶಿಷ್ಯ

ಹೊಂಬಾಳಮ್ಮನಿಂದ ಆಗುವುದಿಲ್ಲ ಎಂದು ಮೊದಲು ಹೇಳಿದವನು ಅವಳ ಸ್ವಂತ ಅಣ್ಣ ಕೆಂಚಪ್ಪ.

ತಂದೆ ತೀರಿಕೊಂಡ ಮೇಲೆ ಅವಳು ಪಾಲು ಕೇಳಿದಳು. ಅವನು ಪಟ್ಟಣದ ಕೆಳಗಿನ ಜೌಗನ್ನು ತೋರಿಸಿದ. ಪಟ್ಟಣಕ್ಕೂ ಹೊಳೆಗೂ ನಡುವೆ ಆಳೆತ್ತರ ಜೊಂಡು ಬೆಳೆದು, ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಗುವ ಜಾಗ ಅದು.

"ತಗೋ, ಇಷ್ಟೂ ನಿನ್ನದೇ. ಒಂದು ಮಳೆಗಾಲ ಕಳೆ ನೋಡೋಣ. ಅಳುತ್ತಾ ಬಂದೇ ಬರುತ್ತೀಯ. ಬರುವಾಗ ಮಾತ್ರ ಕಾಲು ಒಣಗಿಸಿಕೊಂಡು ಬಾ, ನಮ್ಮನೆ ನೆಲ ಕೆಡಿಸಬೇಡ" ಎಂದ.

ಹೊಂಬಾಳಮ್ಮ ಅಳಲಿಲ್ಲ. ಅಣ್ಣನ ಮನೆಗೆ ಹೋಗಲೂ ಇಲ್ಲ. ಜೌಗಿನ ಅಂಚಿನ ದಿಬ್ಬದ ಮೇಲೆ ಗುಡಿಸಲು ಹಾಕಿಕೊಂಡಳು. ಪಕ್ಕದ ಹಾಳು ಗುಡಿಯ ಕಲ್ಲಿನ ಬರಹವನ್ನು ಬೆರಳಿನಿಂದ ಸವರಿ ಸವರಿ, ಯಾರ ಹಂಗೂ ಇಲ್ಲದೆ ಓದಲು ಕಲಿತಳು. ಬರಬರುತ್ತ ಅವಳ ಮಾತು ಕೇಳಲು ಜನ ಬಂದರು. ಕೆಲವರು ಉಳಿದರು. ಉಳಿದವರು ಆ ಜಾಗವನ್ನು ಆಶ್ರಮ ಎಂದರು. ಅವಳು ಮಾತ್ರ ಕೊನೆಯವರೆಗೂ "ನನ್ನ ಪಾಲು" ಎಂದೇ ಕರೆದಳು.

ಆ ಆಶ್ರಮದಲ್ಲಿ ಇದ್ದದ್ದು ಒಂದೇ ಕಟ್ಟಳೆ. ಯಾರನ್ನು ಕೆಲಸಕ್ಕೆ ಬಾರದವರು ಎನ್ನುತ್ತೀಯೋ, ಅವರ ಕೆಲಸವನ್ನು ನೀನೇ ಮಾಡಬೇಕು.

ಹಿಂದೊಬ್ಬ ಶಿಷ್ಯ ಅಂಗಳದ ನಾಯಿಯನ್ನು ದಂಡಪಿಂಡ ಎಂದು ಬೈದಿದ್ದ. ಆಮೇಲೆ ಗಂಟಲು ಕಟ್ಟುವವರೆಗೆ ಬಾಗಿಲಲ್ಲಿ ಕೂತು, ಬಂದು ಹೋಗುವವರಿಗೆಲ್ಲ ಬೊಗಳಿದ. ಅಂದಿನಿಂದ ಅವನ ಎಲೆಯ ಮೊದಲ ತುತ್ತು ನಾಯಿಗೇ ಹೋಗುತ್ತಿತ್ತು.

ಒಂದು ಬೆಳಿಗ್ಗೆ ತಾಂಡವಮೂರ್ತಿ ಎಂಬ ಶಿಷ್ಯ ಬಟ್ಟೆಯ ಸುರುಳಿಯೊಂದನ್ನು ಕಂಕುಳಲ್ಲಿಟ್ಟುಕೊಂಡು ಬಂದ. ನೆಲ ಅಳೆಯುವುದರಲ್ಲಿ, ನಕ್ಷೆ ಬರೆಯುವುದರಲ್ಲಿ ಅವನಿಗೆ ಸಮನಾದವರು ಪಟ್ಟಣದಲ್ಲಿ ಇರಲಿಲ್ಲ. ಇದು ಅವನಿಗೂ ಚೆನ್ನಾಗಿ ಗೊತ್ತಿತ್ತು.

"ಅವ್ವಾ, ಪಟ್ಟಣದ ಹೊಸ ನಕ್ಷೆ ಬರೆಯುವ ಕೆಲಸವನ್ನು ಯಜಮಾನರು ನನಗೇ ಒಪ್ಪಿಸಿದ್ದಾರೆ."

ಯಜಮಾನರು ಎಂದರೆ ಕೆಂಚಪ್ಪ. ಅವನೀಗ ಇಡೀ ಪಟ್ಟಣಕ್ಕೇ ಯಜಮಾನ.

"ಬಿಡಿಸು, ನೋಡೋಣ" ಎಂದಳು ಹೊಂಬಾಳಮ್ಮ.

ಬೀದಿಗಳಿಗೆ ಕೆಂಪು, ಗುಡಿಗೆ ಹಳದಿ, ಕೆರೆಗೆ ನೀಲಿ ಬಣ್ಣ. ಪಟ್ಟಣದ ಕೆಳಗಡೆ ಮಾತ್ರ ಬಟ್ಟೆ ಬೆಳ್ಳಗೇ ಇತ್ತು. ನಡುವೆ ಏನೋ ಸಣ್ಣಗೆ ಬರೆದಿತ್ತು.

"ಇದೇನು?"

ತಾಂಡವಮೂರ್ತಿ ಕೆಮ್ಮಿದ. "ಅದಾ? ಸುಮ್ಮನೆ ಒಂದು ಗುರುತು ಅವ್ವಾ."

"ನನಗೆ ಓದಲು ಬರುತ್ತೆ ಕಣಪ್ಪ. 'ಉಪಯೋಗವಿಲ್ಲದ ಜಾಗ' ಅಂತ ಬರೆದಿದ್ದೀಯ."

ನಕ್ಷೆಯಲ್ಲಿ ಉಪಯೋಗವಿಲ್ಲದ್ದು ಎಂದು ಬರೆದ ಜಾಗವನ್ನು ಪಟ್ಟಣ ತೆಗೆದುಕೊಳ್ಳಬಹುದಿತ್ತು. ಹಿರಿಯರ ಕಾಲದಿಂದ ಬಂದ ನಿಯಮ. ಸಭೆ ಹೂಂ ಎಂದರೆ ಮಣ್ಣಿನ ಗಾಡಿಗಳು ಬರುತ್ತವೆ, ಜೌಗು ಮುಚ್ಚಿಹೋಗುತ್ತದೆ, ಗುಡಿಸಲು ಕೀಳಬೇಕಾಗುತ್ತದೆ.

"ಇಲ್ಲಿ ದೊಡ್ಡ ಸಂತೆಮಾಳ ಆಗುತ್ತೆ ಅವ್ವಾ" ಎಂದ ತಾಂಡವಮೂರ್ತಿ ಉತ್ಸಾಹದಿಂದ. "ಹೊಳೆಯ ಕಡೆಗೆ ಕಲ್ಲಿನ ಗೋಡೆ. ನಿಮಗೂ ಮೇಲುಗಡೆ ಒಳ್ಳೆಯ ಮನೆ ಕೊಡಿಸುತ್ತೇನೆ. ನೆಲಕ್ಕೆ ಚಪ್ಪಡಿ ಹಾಸು."

"ಇಲ್ಲಿ ಕೆಲಸಕ್ಕೆ ಬರುವಂಥದ್ದು ಏನೂ ಇಲ್ಲವೇನಪ್ಪ?"

"ಏನಿದೆ ಹೇಳಿ? ಜೊಂಡು, ಕೆಸರು, ಕಪ್ಪೆ. ಎಲ್ಲಾ ದಂಡಕ್ಕೆ."

ಒಳಗೆ ಸಾರು ಕುದಿಸುತ್ತಿದ್ದವರು ಸೌಟು ಕೆಳಗಿಟ್ಟು ಬಾಗಿಲಿಗೆ ಬಂದು ನಿಂತರು.

ಬಾಯಿಂದ ಏನು ಬಿತ್ತು ಎಂದು ತಾಂಡವಮೂರ್ತಿಗೆ ಹೊಳೆದದ್ದು ಆಗ. "ಅವ್ವಾ, ನಾಯಿಯಾದರೆ ಬೊಗಳಬಹುದು. ಜೊಂಡು ಏನು ಕೆಲಸ ಮಾಡುತ್ತೆ?"

"ಅದನ್ನೇ ನೋಡೋಣ. ಇವತ್ತು ಅದಕ್ಕೆ ರಜೆ."

ಪಟ್ಟಣದ ಬಚ್ಚಲ ನೀರೆಲ್ಲ ಒಂದು ಕಾಲುವೆಯಲ್ಲಿ ಇಳಿದುಬಂದು ಜೊಂಡಿನೊಳಗೆ ಹರಡಿಕೊಳ್ಳುತ್ತಿತ್ತು. ಆಚೆ ಬದಿಯಲ್ಲಿ ತಿಳಿಯಾಗಿ ಹೊರಬಂದು, ಆಶ್ರಮದವರು ಮೀಯುವ ಹೊಂಡ ತುಂಬಿಸಿ, ಹೊಳೆ ಸೇರುತ್ತಿತ್ತು. ಹೊಂಬಾಳಮ್ಮ ಗುದ್ದಲಿ ತೆಗೆದುಕೊಂಡು ಜೊಂಡಿನ ಬಾಯಿಗೆ ಮಣ್ಣು ಹಾಕಿದಳು. ನೀರನ್ನು ಪಕ್ಕದ ಹಳೆಯ ತೋಡಿಗೆ ತಿರುಗಿಸಿದಳು.

"ಈ ತೋಡಿನಲ್ಲಿ ಕೂತ್ಕೋ. ಮೇಲಿಂದ ಏನಾದರೂ ಬರಲಿ, ನಿನ್ನನ್ನು ದಾಟಿ ಹೋಗುವಾಗ ತಿಳಿಯಾಗಿರಬೇಕು."

ಅವನು ಉತ್ತರೀಯವನ್ನು ತೋಡಿಗೆ ಅಡ್ಡ ಹಿಡಿದು ಕೂತ. ಮೊದಲು ಸೀಗೆಕಾಯಿಯ ನೊರೆ ಬಂತು. ಹಿಂದೆಯೇ ಕೊಟ್ಟಿಗೆ ತೊಳೆದ ನೀರು. ಅಷ್ಟರಲ್ಲಿ ಬಣ್ಣಗಾರರ ಬೀದಿಯಲ್ಲಿ ಕೆಲಸ ಶುರುವಾಯಿತು.

"ಅವ್ವಾ! ಬಟ್ಟೆ ನೀಲಿಯಾಯಿತು, ನಾನೂ ನೀಲಿಯಾದೆ! ನೀರು ಇನ್ನೂ ನೀಲಿಯಾಗೇ ಇದೆ!"

"ಜೊಂಡು ಹೀಗೆ ಕಿರುಚುತ್ತಿರಲಿಲ್ಲ."

ಮಧ್ಯಾಹ್ನ ಅವನು ಆಸೆಯಿಂದ ಅಡುಗೆಮನೆಯ ಕಡೆ ನೋಡಿದ. "ಊಟ?"

"ಮೇಲಿಂದ ಬರುತ್ತಿದೆಯಲ್ಲ. ಜೊಂಡು ಅದನ್ನೇ ಉಣ್ಣುತ್ತೆ."

ಇಳಿಹೊತ್ತಿಗೆ ಮಳೆ ಹಿಡಿಯಿತು. ಕಾಲುವೆ ಉಕ್ಕಿತು. ಜೌಗಿನ ಬಾಯಿ ಮುಚ್ಚಿದ್ದರಿಂದ ನೀರು ದಿಬ್ಬವನ್ನೇ ಹತ್ತತೊಡಗಿತು.

"ಹಿಡಿದಿಟ್ಟುಕೋ!" ಎಂದು ಹೊಂಬಾಳಮ್ಮ ಮೇಲಿನಿಂದ ಕೂಗಿದಳು.

ತಾಂಡವಮೂರ್ತಿ ಕೊಡ ತುಂಬಿಸಿದ, ಹಂಡೆ ತುಂಬಿಸಿದ, ಒರಳನ್ನೂ ಬಿಡಲಿಲ್ಲ. "ಎಲ್ಲಾ ತುಂಬಿತು ಅವ್ವಾ! ಇನ್ನೆಲ್ಲಿ ಹಿಡಿಯಲಿ?"

"ಕುಡಿದು ಹೊಟ್ಟೆಯಲ್ಲಿಟ್ಟುಕೋ. ಬೇಸಿಗೆಯಲ್ಲಿ ಚೂರು ಚೂರೇ ವಾಪಸು ಬಿಡು. ಜೌಗು ಮಾಡುವುದು ಹಾಗೇ."

ನೀರು ಅವನ ಎದೆಮಟ್ಟಕ್ಕೆ ಬಂದಾಗ ಅವಳೇ ಇಳಿದುಬಂದು ಜೊಂಡಿನ ಬಾಯಿಯ ಮಣ್ಣು ಕಡಿದಳು. ಬಂದ ನೀರನ್ನೆಲ್ಲ ಜೌಗು ನುಂಗಿತು. ಒಂದು ತೇಗೂ ಬಿಡಲಿಲ್ಲ.

ತಾಂಡವಮೂರ್ತಿ ದಿಬ್ಬದ ಮೇಲೆ ಬಿದ್ದುಕೊಂಡ. ಮಳೆ ನಿಂತಿತ್ತು. ಸೊಳ್ಳೆಗಳು ಗುಂಯ್‌ಗುಡುತ್ತಿದ್ದವು.

"ಏಳಪ್ಪ, ಕಪ್ಪೆಯ ಕೆಲಸ ಬಾಕಿ ಇದೆ."

"ಕಪ್ಪೆಗೆ ನಾನು ರಜೆ ಕೊಟ್ಟಿಲ್ಲ ಅವ್ವಾ!"

"ಜೊಂಡು, ಕೆಸರು, ಕಪ್ಪೆ ಅಂದೆ. ನನ್ನ ಕಿವಿ ಚೆನ್ನಾಗೇ ಇದೆ."

ಅವನು ಸೊಳ್ಳೆ ಹಿಡಿಯಲು ಹೋಗಿ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುವುದನ್ನು ಎಲ್ಲರೂ ಊಟ ಮಾಡುತ್ತ ನೋಡಿದರು. ಕೊನೆಗೆ ಅವನು ಜೌಗಿನ ಕಡೆ ತಿರುಗಿ, ಕೈಮುಗಿದು, ಕಪ್ಪೆಗಳ ಕ್ಷಮೆ ಕೇಳಿದ.

ಮರುದಿನ ನಕ್ಷೆಯ ಆ ಬರಹವನ್ನು ಅಳಿಸಿ ಪಟ್ಟಣಕ್ಕೆ ಹೋದ. ನೀಲಿ ಬಣ್ಣ ಮೈಯಿಂದ ಇನ್ನೂ ಹೋಗಿರಲಿಲ್ಲ. ಸಭೆ ಅವನನ್ನು ನೋಡಿ ನಕ್ಕಿತು, ಹಳೆಯ ಬರಹವೇ ಇರಲಿ ಎಂದು ಹೂಂ ಎಂದಿತು.

"ನನ್ನ ತಂಗಿ ನಿನ್ನ ತಲೆ ಕೆಡಿಸಿದ್ದಾಳೆ" ಎಂದ ಕೆಂಚಪ್ಪ, ಮಣ್ಣಿನ ಗಾಡಿಗಳನ್ನು ಹೂಡಿಸಿಕೊಂಡು ತಾನೇ ಹೊರಟುಬಂದ.

ಗಾಡಿಗಳು ಜೌಗಿನ ದಡದಲ್ಲಿ ಸಾಲಾಗಿ ನಿಂತವು. ಹೊಂಬಾಳಮ್ಮ ದಿಬ್ಬದ ಮೇಲೆ ನಿಂತಿದ್ದಳು. ಗುದ್ದಲಿಯ ಕಾವನ್ನು ಬಿಗಿಯಾಗಿ ಹಿಡಿದಿದ್ದಳು.

ತಾಂಡವಮೂರ್ತಿ ಅಡ್ಡ ಬಂದ. "ಯಜಮಾನರೆ, ಈ ಜೊಂಡು, ಕೆಸರು, ಕಪ್ಪೆ, ಇವರನ್ನೆಲ್ಲ ಕೆಲಸದಿಂದ ತೆಗೆಯಿರಿ, ಬೇಡ ಅನ್ನೋದಿಲ್ಲ. ಬದಲಿಗೆ ಯಾರನ್ನು ಕೂರಿಸುತ್ತೀರಿ?"

"ಕೂಲಿಯಾಳು ಇಡುತ್ತೇನೆ."

"ಹಗಲೂ ರಾತ್ರಿ ಕೂರಬೇಕು. ಬಚ್ಚಲ ನೀರು ಕುಡಿದು, ಸೊಳ್ಳೆ ತಿಂದು ಬದುಕಬೇಕು. ಅಂಥವರು ಗೊತ್ತಿದ್ದರೆ ಹೇಳಿ. ಇಲ್ಲಿಯ ಕಟ್ಟಳೆಯಂತೆ ಮೊದಲು ನೀವೇ ಕೂರಬೇಕು."

"ಬೇಡ ತಾಂಡವ, ಬಲವಂತ ಮಾಡಬೇಡ" ಎಂದಳು ಹೊಂಬಾಳಮ್ಮ, ಗಾಡಿಯವರಿಗೆಲ್ಲ ಕೇಳುವಂತೆ. "ಅವನಿಂದ ಆಗುವುದಿಲ್ಲ."

ಕೆಂಚಪ್ಪನ ಮುಖ ಕೆಂಪಾಯಿತು. ಹಟದಲ್ಲಿ ಇಬ್ಬರೂ ಒಂದೇ ತಾಯಿಯ ಮಕ್ಕಳು. ಅವನು ಪೇಟ ತೆಗೆದು ಗಾಡಿಯ ಮೇಲಿಟ್ಟ, ಪಂಚೆ ಎತ್ತಿ ಕಟ್ಟಿದ, ತೋಡಿಗೆ ಇಳಿದು ಕೂತ.

ತಾಂಡವಮೂರ್ತಿ ನೀರು ತಿರುಗಿಸಿದ.

ಸ್ವಲ್ಪ ಹೊತ್ತಿಗೇ ಕೆಂಚಪ್ಪ ಮೂಗು ಮುಚ್ಚಿಕೊಂಡ. "ಥೂ! ಇದು ಎಲ್ಲಿಯ ನಾತವೋ?"

"ನಿಮ್ಮ ಬೀದಿಯದೇ ಯಜಮಾನರೆ."

"ನಮ್ಮ ಬೀದಿ ನಾರುವುದಿಲ್ಲ!"

"ಅಲ್ಲಿ ನಾರುವುದಿಲ್ಲ. ಇಲ್ಲಿಗೆ ಬರುತ್ತಲ್ಲ."

ಗಾಡಿಯವರು ಎತ್ತುಗಳ ಹಿಂದೆ ಮುಖ ಮರೆಸಿಕೊಂಡು ನಕ್ಕರು. ಕೆಂಚಪ್ಪ ಹಲ್ಲು ಕಚ್ಚಿ ಕೂತೇ ಇದ್ದ. ಬಣ್ಣಗಾರರ ನೀಲಿ ನೀರು ಸೊಂಟಕ್ಕೆ ಏರಿತು. ಅವನು ತನ್ನ ಅಂಗೈ ನೋಡಿಕೊಂಡ. ತಿರುಗಿ ಜೊಂಡನ್ನು ನೋಡಿದ. ಅದು ಗಾಳಿಗೆ ತೂಗುತ್ತ ಹಾಯಾಗಿ ನಿಂತಿತ್ತು.

"ಗಾಡಿ ತಿರುಗಿಸಿ" ಎಂದು ಎದ್ದ.

"ನಕ್ಷೆಯಲ್ಲಿ ಏನಂತ ಬರೆಯಲಿ?" ಎಂದು ಕೇಳಿದ ತಾಂಡವಮೂರ್ತಿ.

"ನೀನೇ ಹೇಳು."

"ಹಸಿರು ಬಣ್ಣ ಹಚ್ಚಿ, 'ಕೆಲಸದಲ್ಲಿದೆ' ಅಂತ ಬರೆಯುತ್ತೇನೆ."

"ಬರಿ. ಇನ್ನು ಮೇಲೆ ಕೆರೆಯೋ ಹಳ್ಳವೋ ಜೌಗೋ, ಮುಚ್ಚಬೇಕು ಅಂತ ಸಭೆಗೆ ಬಂದವರು ಮೊದಲು ಒಂದು ದಿನ ಅದರ ಕೆಲಸ ಮಾಡಿ ತೋರಿಸಲಿ. ಇದು ಪಟ್ಟಣದ ಕಟ್ಟಳೆ. ನಾನೊಬ್ಬನೇ ಯಾಕೆ ನಾರಬೇಕು?"

ಗಾಡಿಗಳು ಹೋದವು. ಕೆಂಚಪ್ಪ ದಿಬ್ಬ ಹತ್ತಿ ಗುಡಿಸಲ ಬಾಗಿಲಿಗೆ ಬಂದ. ಒಳಗೆ ಆಗತಾನೇ ಸಾರಿಸಿದ ನೆಲ. ಅವನ ಕಾಲಿನಿಂದ ಕೆಸರು ತೊಟ್ಟಿಕ್ಕುತ್ತಿತ್ತು. ಹೊಸಿಲ ಹತ್ತಿರವೇ ನಿಂತುಬಿಟ್ಟ.

"ಇಷ್ಟು ವರ್ಷದಲ್ಲಿ ಒಂದು ಸಲವೂ ನಮ್ಮನೆಗೆ ಬರಲಿಲ್ಲವಲ್ಲೇ ನೀನು" ಎಂದ ಮೆಲ್ಲಗೆ.

ಹೊಂಬಾಳಮ್ಮ ಅವನ ಕಾಲು ನೋಡಿದಳು, ತನ್ನ ಕಾಲನ್ನೂ ನೋಡಿಕೊಂಡಳು.

"ಈ ದಿಬ್ಬದಿಂದ ಹಿಡಿದು ಕೊನೆಯ ಕಪ್ಪೆಯವರೆಗೆ ಎಲ್ಲಾ ನನ್ನದಾಯಿತು ಅಣ್ಣಯ್ಯ, ಅವತ್ತಿನಿಂದ ಕಾಲು ಮಾತ್ರ ಒಣಗಲೇ ಇಲ್ಲ. ನೀನು ಹಾಗೇ ಒಳಗೆ ಬಾ."