ಕೆಸರುಗಾಲಿಗೆ ಬೀಜದ ಮೂಟೆ

ಒಂದು ಕಾಡಿನಲ್ಲಿ ಆನೆಯೇ ಅರಸ. ಒಳ್ಳೆಯವನೇ, ಆದರೆ ಅರಮನೆ ಬಿಟ್ಟು ಕದಲುವವನಲ್ಲ. ಮುಂಗಾರು ಬಿದ್ದ ಕೂಡಲೇ ಬೇಸಾಯ ಮಾಡುವವರಿಗೆಲ್ಲ ಅವನು ಪುಕ್ಕಟೆಯಾಗಿ ರಾಗಿ ಬೀಜ ಕೊಡಿಸುತ್ತಿದ್ದ. ಬೇಸಾಯಗಾರರನ್ನು ಗುರುತಿಸಲು ಒಂದು ಕಟ್ಟಳೆ ಮಾಡಿದ್ದ: ಕಾಲಿನಲ್ಲಿ ಕೆಸರಿದ್ದವರಿಗೆ ಬೀಜ. ಹಂಚುವ ಅಧಿಕಾರಿ ಒಬ್ಬ ಮುಸುವ, ಕರಿಮೂತಿಯ ಕೋತಿ. ಅವನು ಅರಮನೆ ಬಾಗಿಲ ಮರದ ಕೊಂಬೆಯ ಮೇಲೆ ಕುಳಿತು ಬಂದವರ ಕಾಲು ನೋಡುತ್ತಿದ್ದ. ಮುಖ ನೋಡುವ ಕೆಲಸ ಅವನದಲ್ಲವಂತೆ!

ಆ ವರ್ಷ ಮುಳ್ಳುಹಂದಿ ಚೌಡವ್ವನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಹೊಲ ಕೆರೆದು ಹದ ಮಾಡಿದ್ದಳು, ಮಳೆಯೂ ಬಿದ್ದಿತ್ತು, ಬೀಜ ಮಾತ್ರ ಇರಲಿಲ್ಲ. ಗಾಳಿ ಬೀಸುತ್ತಿತ್ತು, ಮಣ್ಣಿನ ಹಸಿ ಆರುತ್ತಿತ್ತು. ಇವತ್ತು ಬಿತ್ತದಿದ್ದರೆ ಸುಗ್ಗಿಯ ಹೊತ್ತಿಗೆ ಮರಿಗಳಿಗೆ ಉಪವಾಸವೇ ಗತಿ. ಅವಳು ಅರಮನೆಗೆ ಓಡಿದಳು. ಅರಸನ ಮನೆಯಲ್ಲವೇ? ಎಷ್ಟು ಅವಸರವಿದ್ದರೂ ದಾರಿಯ ಹಳ್ಳದಲ್ಲಿ ಕಾಲು ತೊಳೆದುಕೊಂಡೇ ಹೋದಳು.

"ಕಾಲು ತೋರ್ಸು," ಎಂದ ಮುಸುವ. "ಇದೇನಿದು, ಲಕಲಕ ಅಂತಿದೆ! ನೀನು ಉಳೋಳಲ್ಲ, ಹೋಗು."

"ಅಯ್ಯೋ ಸ್ವಾಮಿ, ಯಾರ ಮನೆಗಾದ್ರೂ ಕಾಲು ತೊಳೀದೆ ಹೋಗ್ತಾರಾ? ಬೇಕಾದ್ರೆ ಹೊಲಕ್ಕೆ ಬಂದು ನೋಡಿ."

"ಹೊಲ ನೋಡು ಅಂತ ಕಟ್ಟಳೇಲಿ ಇಲ್ಲ."

ಅಷ್ಟರಲ್ಲಿ ನರಿ ಬಂದ. ಹುಟ್ಟಿದಾಗಿನಿಂದ ಒಂದು ಹುಲ್ಲುಕಡ್ಡಿ ಕಿತ್ತವನಲ್ಲ. ಹೊಂಡಕ್ಕಿಳಿದು ಮೊಣಕಾಲ ತನಕ ಕೆಸರು ಮೆತ್ತಿಕೊಂಡಿದ್ದ. "ಉತ್ತು ಉತ್ತು ಸೊಂಟ ಬಿದ್ದೋಯ್ತು ಸ್ವಾಮಿ," ಎಂದು ನರಳಿದ. ಮುಸುವ ಮರುಮಾತಿಲ್ಲದೆ ಮೂಟೆ ಕೊಟ್ಟ. ಪ್ರತಿ ವರ್ಷವೂ ಹೀಗೇ. ಆ ಬೀಜ ಚೆಲ್ಲಿ, ಕಾಡುಕೋಳಿಗಳನ್ನು ಹತ್ತಿರ ಕರೆದು ತಿನ್ನುವುದೇ ನರಿಯ ಬೇಸಾಯ.

ಮುಸುವ ಕೂಗುತ್ತಿದ್ದರೂ ಚೌಡವ್ವ ಒಳಗೆ ನುಗ್ಗಿ ಅರಸನ ಮುಂದೆ ನಿಂತಳು.

"ಬುದ್ಧಿ, ಇಷ್ಟು ವರ್ಷ ಬೀಜ ಕೊಟ್ರಲ್ಲ, ಅದನ್ನ ಬಿತ್ತಿದ ಹೊಲ ಒಂದನ್ನಾದ್ರೂ ನೋಡಿದೀರಾ?"

ಅರಸ ತಬ್ಬಿಬ್ಬಾದ. ಅವನು ನೋಡಿರಲಿಲ್ಲ. ಹೊರಗೆ ಬಂದು, ಮೂಟೆ ಹೊತ್ತು ಹೊರಟಿದ್ದ ನರಿಯನ್ನು ಕಂಡು, "ನಡಿ ನರಿಯಪ್ಪ, ನಿನ್ನ ಹೊಲ ತೋರ್ಸು," ಎಂದು ಹೊರಟೇಬಿಟ್ಟ.

ಇಲ್ಲದ ಹೊಲವನ್ನು ಎಲ್ಲಿಂದ ತರುವುದು? ನರಿ ಅತ್ತ ಇತ್ತ ಕಣ್ಣು ಹಾಯಿಸುತ್ತ ನಡೆದ. ಹದವಾಗಿ ಕೆರೆದಿದ್ದ ಒಂದು ಹೊಲ ಕಂಡದ್ದೇ ತಡ, "ಇದೇ ಬುದ್ಧಿ!" ಎಂದ.

"ಅದು ನಂದು!" ಚೌಡವ್ವ ಕಿರುಚಿದಳು.

"ನೋಡಿ ಬುದ್ಧಿ, ನಾನು ಬೆವರು ಸುರಿಸಿದ ಹೊಲದ ಮೇಲೂ ಇವಳ ಕಣ್ಣು!"

"ಜಗಳ ಆಮೇಲೆ. ಹದ ಆರ್ತಾ ಇದೆ," ಎಂದ ಅರಸ. "ನಿಂದೇ ಆದ್ರೆ ಮೂಟೆ ಬಿಚ್ಚಿ ಬಿತ್ತು."

"ನೋಡ್ಕೊಂಡು ಕಾಲಿಡಪ್ಪ," ಎಂದಳು ಚೌಡವ್ವ. ನರಿ ಮೂಗು ಮುರಿದು ಹೆಜ್ಜೆ ಇಟ್ಟ. "ಅಯ್ಯಯ್ಯೋ!" ಇನ್ನೊಂದು ಹೆಜ್ಜೆಗೆ ಇನ್ನೂ ಜೋರಾಗಿ ಊಳಿಟ್ಟ.

ಅರಸ ಸೊಂಡಿಲಿನಿಂದ ಅವನ ಕಾಲೆತ್ತಿ ನೋಡಿದ. ಕೆಸರಿನ ನಡುವೆ ಉದ್ದನೆಯ ಮುಳ್ಳು ನೆಟ್ಟಿತ್ತು. ಹೊಲ ಕೆರೆಯುವಾಗ ಚೌಡವ್ವನ ಬೆನ್ನಿನಿಂದ ಉದುರಿದ ಮುಳ್ಳುಗಳು ಸಾಲುಸಾಲಿನಲ್ಲೂ ಬಿದ್ದಿದ್ದವು. ಹೊಲ ಯಾರದೆಂದು ತಿಳಿದು ಅರಸನಿಗೆ ನಾಚಿಕೆಯಾಯಿತು. ನರಿ ಕುಂಟುತ್ತ, ಎಲ್ಲರ ಕಣ್ಣೆದುರು, ಕೊನೆಯ ಕಾಳಿನ ತನಕ ಅವಳ ಹೊಲದಲ್ಲೇ ಬಿತ್ತಬೇಕಾಯಿತು.

"ಮುಂದಿನ ವರ್ಷದಿಂದ ಬಾಗಿಲಲ್ಲಿ ಬೀಜ ಕೊಡೋದಿಲ್ಲ. ಅವರವರ ಹೊಲಕ್ಕೇ ಬಂದು ಕೊಡ್ತೀವಿ," ಎಂದ ಅರಸ.

ಪಕ್ಕದ ಬದುವಿನ ಮೇಲೆ ಒಂದು ಮೊಲ ಕುಳಿತಿತ್ತು. ಅದೂ ಹಿಂದಿನ ದಿನ ಕಾಲು ತೊಳೆದುಕೊಂಡು ಹೋಗಿ ಬರಿಗೈಯಲ್ಲಿ ಬಂದಿತ್ತು. ಅದರ ಹೊಲ ಆಗಲೇ ಒಣಗಿ ಗಟ್ಟಿಯಾಗಿತ್ತು.

"ಮುಂದಿನ ವರ್ಷ ಸರಿ ಬುದ್ಧಿ," ಎಂದಿತು ಮೊಲ. "ಈ ವರ್ಷ ನಾನೇನು ತಿನ್ನಲಿ?"



ನೀತಿ: ಕೊಡುವ ಮನಸ್ಸಿದ್ದರೆ ಸಾಲದು, ದುಡಿಯುವವರು ಯಾರೆಂದು ಹೋಗಿ ನೋಡದಿದ್ದರೆ ಅವರ ಪಾಲು ವೇಷಗಾರರ ಪಾಲಾಗುತ್ತದೆ.