ದೃಷ್ಟಿಗೆ ನಿಂತ ತಿಪ್ಪೇಶಿ

ನಗ್ರಪ್ಪ, ನಗಿ. ಪೆದ್ದನ ಕತೆ ಅಂದ್ರೆ ನಗೋಕೇ ಅಲ್ವ ನೀವು ಬಂದು ಕೂತಿರೋದು? ಆದ್ರೆ ಮೊದಲೇ ಹೇಳಿಬಿಡ್ತೀನಿ, ಈ ಪೆದ್ದನ ತಾಯಿ ನಾಲ್ಕು ದಿನ ಅನ್ನ ಮುಟ್ಟಲಿಲ್ಲ. ಅವಳನ್ನೂ ಒಂಚೂರು ನೆನಸಿಕೊಂಡು ನಗಿ.

ಅವಳ ಹೆಸರು ದುರುಗವ್ವ. ಮಂಡಿನೋವಿನ ಹೆಂಗಸು, ನಾಲ್ಕು ಹೆಜ್ಜೆ ಇಟ್ರೆ ಐದನೇದಕ್ಕೆ ಕೂರೋಳು. ಮಗ ತಿಪ್ಪೇಶಿ. ಆಳು ನೋಡಿದ್ರೆ ಬಾಗಿಲು ತುಂಬ ಇದ್ದ. ತಲೆಯೊಳಗೆ ಮಾತ್ರ ಒಂದು ಸಲಕ್ಕೆ ಒಂದೇ ಮಾತಿಗೆ ಜಾಗ. "ಹಾಲು ಉಕ್ಕೋದನ್ನ ನೋಡ್ತಿರೋ" ಅಂದ್ರೆ, ಒಲೆ ಮುಂದೆ ಕೂತು ಉಕ್ಕೋದನ್ನ ಚೆನ್ನಾಗಿ ನೋಡಿ, "ಉಕ್ತು ಕಣವ್ವ, ಎಲ್ಲಾ ಉಕ್ತು!" ಅಂತ ಖುಷಿಯಾಗಿ ಬಂದು ಹೇಳೋನು.

ಆ ಊರಿಗೊಂದು ಕೋಟೆ, ಕೋಟೆಗೊಬ್ಬ ದೊರೆ. ಕೋಪ ಮೂಗಿನ ತುದಿಯಲ್ಲೇ. ಒಂದ್ಸಲ ಪಕ್ಕದ ರಾಜ್ಯದ ಆಸ್ಥಾನಕ್ಕೆ ಹೋಗಿದ್ದವನು, ಅಲ್ಲಿ ತಂಬೂರಿ ನೋಡಿ, "ಇಷ್ಟು ದಪ್ಪ ಸೋರೆಕಾಯಿ ಯಾವ ತೋಟದ್ದು?" ಅಂತ ಕೇಳಿದ್ನಂತೆ. ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಅವಮಾನ ತಡೀಲಾರದೆ ಊರಿಗೆ ಬಂದವನೇ ಡಂಗುರ ಹೊಡೆಸಿದ.

"ಕೇಳ್ರಪ್ಪೋ ಕೇಳಿ! ಮನೆಗೊಬ್ಬರು ನಾಲ್ಕು ದಿನ ಅರಮನೆಗೆ ಬರಬೇಕು! ಚಿತ್ರ, ಹಾಡು, ಪದ್ಯ, ಎಲ್ಲಾ ತಿಳ್ಕೋಬೇಕು! ಕಲೆ ಮುಂದೆ ದಡ್ಡತನ ತೋರಿಸಿದೋರನ್ನ ಕೋಟೆ ಬತೇರಿ ಮೇಲಿಂದ ತಳ್ಳಿಸ್ತಾರೆ!"

ತಳ್ಳಿಸ್ತೀನಿ ಅಂದ್ರೆ ತಳ್ಳಿಸೋನೇ ಅವನು. ಹೋದ ವರ್ಷ ಲಾಯದ ಹುಲ್ಲು ಕದ್ದವನನ್ನ ತಳ್ಳಿಸಿದ್ದ. ಕೆಳಗೆ ಬರೀ ಬಂಡೆ.

ದುರುಗವ್ವ ತಲೆ ಮೇಲೆ ಕೈ ಹೊತ್ತು ಕೂತಳು. ಮನೆಗೊಬ್ಬರು! ಇವಳಿಗೆ ಕೋಟೆ ಮೆಟ್ಟಿಲು ಹತ್ತೋಕಾಗಲ್ಲ. ಇನ್ನುಳಿದೋನು ಯಾರು? ಅವನೇ!

"ಅಯ್ಯೋ ನನ್ನಪ್ಪಾ, ಹೆಂಗೋ ಕಳಿಸಲಿ ನಿನ್ನ?" ಅಂತ ಅವನ ತಲೆ ಸವರಿದಳು. "ನೋಡು, ಒಂದೇ ಮಾತು. ದೊಡ್ಡೋರ ಮುಂದೆ ಹೋದ ಕೂಡ್ಲೇ ಪಾದ ಮುಟ್ಟಿ ಕಣ್ಣಿಗೊತ್ಕೋ. ಆಮೇಲೆ ಬಾಯಿ ಬಿಡಬೇಡ."

"ಪಾದ ಮುಟ್ಟಿ ಕಣ್ಣಿಗೊತ್ಕೋತೀನಿ. ಬಾಯಿ ಬಿಡಲ್ಲ!"

ಹೋದ. ಮೊದಲನೇ ದಿನ ಚಿತ್ರದ ದಿನ. ಚಿತ್ರಗಾರ ಏಕಪ್ಪ ಆಳೆತ್ತರದ ಹಲಗೆ ಮೇಲೆ ಕೋಟೆ ದೇವಿಯನ್ನ ಬರೆದು ನಿಲ್ಲಿಸಿದ್ದ. ಬಣ್ಣ ಇನ್ನೂ ಹಸಿ. ಕಣ್ಣು ಮಾತ್ರ ಬರೆದಿರಲಿಲ್ಲ, ಅದು ಕೊನೇ ದಿನದ ಕೆಲಸ. ತಿಪ್ಪೇಶಿ ನೋಡಿದ. ಇವಳಿಗಿಂತ ದೊಡ್ಡೋರು ಯಾರು? ಸೀದಾ ಹೋಗಿ ಬಗ್ಗಿ ಎರಡೂ ಪಾದ ಗಟ್ಟಿಯಾಗಿ ಮುಟ್ಟಿ ಕಣ್ಣಿಗೊತ್ತಿಕೊಂಡ. ದೇವಿಗೆ ಪಾದ ಇಲ್ಲ! ಇವನ ರೆಪ್ಪೆ ಮೇಲೆಲ್ಲ ಕೆಂಪು!

"ಏ ಹಾಳಾದೋನೇ!" ಏಕಪ್ಪ ಕುಂಚದ ಹಿಡಿಯಿಂದ ನಾಲ್ಕು ಬಿಟ್ಟ. "ದೊರೆ ನೋಡಿದ್ರೆ ನಿನ್ನನ್ನೂ ತಳ್ಳಿಸ್ತಾನೆ, ನನ್ನನ್ನೂ ತಳ್ಳಿಸ್ತಾನೆ! ಚಿತ್ರ ಮುಟ್ಟಬಾರ್ದು ಕಣೋ! ದೂರ ನಿಂತ್ಕೊಂಡು 'ಅಬ್ಬಬ್ಬಾ, ಉಸಿರಾಡ್ತಿರೋ ಹಂಗೇ ಇದೆ!' ಅನ್ಬೇಕು!" ಬೈತಾ ಬೈತಾ ದೊರೆ ಬರೋದ್ರೊಳಗೆ ಪಾದ ತಿದ್ದಿದ.

ಮನೆಗೆ ಬಂದ ಮಗನ ಕೆಂಪು ಕಣ್ಣು ನೋಡಿ ದುರುಗವ್ವ ಕಿಟಾರನೆ ಕಿರುಚಿದಳು. ಬಣ್ಣ ಅಂತ ಗೊತ್ತಾದ ಮೇಲೆ ಅಳ್ತಾ ಎರಡು ಬಾರಿಸಿದಳು. "ಚಿತ್ರಗಾರ ಹೇಳಿದಂಗೆ ಮಾಡೋ! ನಾಳೆನಾದ್ರೂ ಜೀವ ಉಳಿಸ್ಕೊಂಡು ಬಾರೋ!"

"ದೂರ ನಿಂತ್ಕೋತೀನಿ. ಉಸಿರಾಡ್ತಿರೋ ಹಂಗೇ ಇದೆ ಅಂತೀನಿ!"

ಎರಡನೇ ದಿನ ಹಾಡಿನ ದಿನ. ಹಾಡೋರು ಶೇಷಪ್ಪನೋರು. ಎಂಬತ್ತು ವಯಸ್ಸು, ಮೇಲೆ ದಮ್ಮು. ನಾಲ್ಕು ಜನ ಎತ್ತಿಕೊಂಡು ಬಂದು ಕೂರಿಸಿದ್ರು. ಆದ್ರೂ ಎಂಥಾ ಕಂಠ ಅಂತೀರಿ! ಕಣ್ಣು ಮುಚ್ಚಿ ಒಂದು ಸ್ವರ ಹಿಡಿದು, ಎಳೆದು, ಎಳೆದು, ನಿಲ್ಲಿಸಿದ್ರು. ತಿಪ್ಪೇಶಿ ಕಂಬದ ಹತ್ರ ದೂರ ನಿಂತು ಗಟ್ಟಿಯಾಗಿ ಅಂದ:

"ಅಬ್ಬಬ್ಬಾ! ಉಸಿರಾಡ್ತಿರೋ ಹಂಗೇ ಇದೆ!"

ಶೇಷಪ್ಪನೋರಿಗೆ ಸಿಟ್ಟಿಗೆ ಕೆಮ್ಮು ಬಂತು, ಕೆಮ್ಮಿಗೆ ನಿಜವಾಗ್ಲೂ ಉಸಿರು ನಿಂತ ಹಂಗಾಯ್ತು. ನೀರು ಕುಡಿಸಿ ಬೆನ್ನು ತಿಕ್ಕಿದ್ರು. ಪುಣ್ಯಕ್ಕೆ ದೊರೆಗೆ ಕೇಳಿಸಲಿಲ್ಲ. ಅವನು ತಂಬೂರಿಯನ್ನ ದುರುಗುಟ್ಟಿ ನೋಡ್ತಾ ಕೂತಿದ್ದ.

"ಬಾರೋ ಇಲ್ಲಿ," ಅಂತ ಸನ್ನೆ ಮಾಡಿ ಕರೆದ್ರು ಶೇಷಪ್ಪನೋರು. "ನಾನಿನ್ನೂ ಸತ್ತಿಲ್ಲ ಕಣೋ ಮುಂಡೇದೆ! ಕೇಳಿದ್ದು ಹಿಡಿಸ್ತು ಅಂದ್ರೆ ತೊಡೆ ತಟ್ಟಬೇಕು, 'ಭಲೇ! ಇನ್ನೊಂದ್ಸಲ! ಇನ್ನೊಂದ್ಸಲ ಆಗ್ಲಿ!' ಅನ್ಬೇಕು. ಅದೂ ಗೊತ್ತಿಲ್ವ?"

ಮನೆಯಲ್ಲಿ ಇದನ್ನ ಕೇಳಿ ದುರುಗವ್ವ ಹಣೆ ಹಣೆ ಚಚ್ಚಿಕೊಂಡಳು. "ಬದುಕಿರೋರಿಗೆ ಹಂಗಂತಾರೇನೋ! ನಾಳೆ ಶೇಷಪ್ಪನೋರು ಹೇಳಿದಂಗೆ ಅನ್ನೋ, ನಿನ್ನ ದಮ್ಮಯ್ಯ ಅಂತೀನಿ!"

ಮೂರನೇ ದಿನ ಪದ್ಯದ ದಿನ. ಕವಿ ನರಸಯ್ಯನೋರು ಓಲೆಗರಿ ಕಟ್ಟು ಬಿಚ್ಚಿದ್ರು. ದೊರೆಗೊಬ್ಬ ಅಣ್ಣ ಇದ್ದ, ಹಿಂದೆ ಕುದುರೆಯಿಂದ ಬಿದ್ದು ಸತ್ತಿದ್ದ, ಅವನ ಮೇಲೆ ಬರೆದ ಶೋಕದ ಪದ್ಯ. ಓದ್ತಾ ಓದ್ತಾ ಕುದುರೆ ಎಡವಿತು, ಅಣ್ಣ ಬಿದ್ದ, ಪ್ರಾಣ ಹೋಯ್ತು. ದೊರೆ ಕಣ್ಣು ಒರೆಸ್ಕೊಂಡ. ಎಲ್ಲರೂ ಒರೆಸ್ಕೊಂಡ್ರು. ತಿಪ್ಪೇಶಿ ತೊಡೆ ತಟ್ಟಿದ.

"ಭಲೇ! ಇನ್ನೊಂದ್ಸಲ! ಇನ್ನೊಂದ್ಸಲ ಆಗ್ಲಿ!"

ಅಪ್ಪಾ! ಪಕ್ಕದಲ್ಲಿ ಕೂತಿದ್ದೋರು ಕೂತಲ್ಲೇ ಸರಕ್ಕನೆ ದೂರ ಜರುಗಿದ್ರು. ದೊರೆ ಎದ್ದು ನಿಂತ. "ಎಳ್ಕೊಂಡು ಹೋಗಿ ತಳ್ರೋ ಅವನನ್ನ!"

ಅಡ್ಡ ಬಂದೋರು ನರಸಯ್ಯನೋರು. ಕಣ್ಣಲ್ಲಿ ನೀರು. "ಮಹಾಸ್ವಾಮಿ, ಮೂವತ್ತು ವರ್ಷದಿಂದ ಪದ್ಯ ಓದ್ತಿದೀನಿ. ಇನ್ನೊಂದ್ಸಲ ಅಂತ ಕೇಳಿದೋನು ಇವನೊಬ್ಬನೇ! ತಳ್ಳಿಸಬೇಡಿ!"

ದೊರೆ ಹಲ್ಲು ಕಡಿದ. "ಸರಿ, ನಾನು ತಳ್ಳಿಸಲ್ಲ. ನಾಳೆ ದೇವಿಗೆ ಕಣ್ಣು ತೆರೆಸ್ತೀವಿ. ಈ ಸಲ ಕುಂಬಳಕಾಯಿ ಬೇಡ. ಮೊದಲ ದೃಷ್ಟಿಗೆ ಇವನನ್ನ ನಿಲ್ಲಿಸಿ!"

ನಿಮಗೆ ಗೊತ್ತಲ್ಲ, ಕಣ್ಣು ತೆರೆದ ದೇವಿಯ ಮೊದಲ ದೃಷ್ಟಿ ಎಂಥದು ಅಂತ? ಬರೆಯೋ ಚಿತ್ರಗಾರನೇ ಎದುರು ನಿಲ್ಲಲ್ಲ. ಬೆನ್ನು ಹಾಕಿ ನಿಂತು, ಕೈಯಲ್ಲಿ ಕನ್ನಡಿ ಹಿಡಿದು, ಅದರೊಳಗೆ ನೋಡ್ಕೊಂಡು ಹೆಗಲ ಮೇಲಿಂದ ಬೊಟ್ಟು ಇಡ್ತಾನೆ. ಎದುರಿಗೆ ಬೂದುಗುಂಬಳಕಾಯಿ ಇಡ್ತಾರೆ. ಜನವೆಲ್ಲ ಹಲಗೆಯ ಹಿಂದೆ. ದೃಷ್ಟಿ ಬಿದ್ದಿದ್ದು ಉಳಿಯಲ್ಲ ಅಂತ ಆ ಊರವರ ನಂಬಿಕೆ.

ಸುದ್ದಿ ಕೇಳಿ ದುರುಗವ್ವ ಅವತ್ತು ಬೈಯಲಿಲ್ಲ. ಹೊಡೀಲೂ ಇಲ್ಲ. ಸುಮ್ನೆ ಮಗನಿಗೆ ಅನ್ನ ಕಲಸಿ ತುತ್ತು ಮಾಡಿ ತಿನ್ನಿಸಿದಳು. ಅದಕ್ಕೇ ತಿಪ್ಪೇಶಿಗೆ ಮೊದಲನೇ ಸಲ ಹೆದರಿಕೆ ಆಯ್ತು.

"ಅವ್ವಾ, ಬೈಯವ್ವಾ!"

"ಬೈಯಲ್ಲ ಮಗನೇ. ಒಂದೇ ಮಾತು ಕೇಳು. ಆ ತಾಯಿ ಕಣ್ಣು ನಿನ್ನ ಮೇಲೆ ಬೀಳಬಾರ್ದು. ಏನಾದ್ರೂ ಮಾಡು, ಬೀಳಬಾರ್ದು!"

"ಬೀಳಲ್ಲವ್ವಾ."

ಮಾರನೇ ದಿನ ಬೆಳಿಗ್ಗೆ ಕೋಟೆ ಅಂಗಳದಲ್ಲಿ ನಗಾರಿ. ಹಲಗೆ ನಿಲ್ಲಿಸಿದ್ರು. ಎದುರಿಗೆ ತಿಪ್ಪೇಶಿ ಒಬ್ಬನೇ. ಹಲಗೆಯ ಹಿಂದೆ ದೊರೆ, ಅವನ ಹಿಂದೆ ಊರಿಗೆ ಊರೇ. ದುರುಗವ್ವ ಕೂತು ಕೂತು, ತೆವಳಿ ತೆವಳಿ ಮೆಟ್ಟಿಲು ಹತ್ತಿ ಬಂದು ಗೋಡೆಗೆ ಆತುಕೊಂಡಿದ್ದಳು. ಬಾಯೊಳಗೆ ಸೆರಗು ತುರುಕಿಕೊಂಡಿದ್ದಳು, ಕೂಗು ಆಚೆ ಬರಬಾರದು ಅಂತ.

ಏಕಪ್ಪ ಕನ್ನಡಿ ಹಿಡಿದ. ಎಡಗಣ್ಣಿಗೆ ಬೊಟ್ಟು ಇಟ್ಟ. ನಗಾರಿ ಜೋರಾಯ್ತು. ಬಲಗಣ್ಣಿಗೆ ಬೊಟ್ಟು ಇಟ್ಟವನೇ ತಲೆ ತಗ್ಗಿಸಿ ಪಕ್ಕಕ್ಕೆ ಹಾರಿದ. ತಿಪ್ಪೇಶಿಗೆ ಅವ್ವನ ಮಾತು ನೆನಪಿತ್ತು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಮುಂದೆ ಹೋದ, ಹಲಗೆಯ ಎರಡು ಅಂಚು ಹಿಡಿದ, ಗಿರ್ರನೆ ತಿರುಗಿಸಿ ನಿಲ್ಲಿಸಿಬಿಟ್ಟ!

ದೇವಿ ದೊರೆಯನ್ನೇ ನೋಡ್ತಿದ್ಲು!

"ಅಯ್ಯಯ್ಯೋ!" ದೊರೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಪೇಟ ಬಿತ್ತು, ಚಪ್ಪಲಿ ಕಳಚಿತು. "ಅಲ್ಲಾಡಬೇಡ! ಕದಲಬೇಡ! ನಾನು ಹೇಳೋ ತನಕ ಹಂಗೇ ಇರೋ!" ಅಂತ ತಿಪ್ಪೇಶಿಗೆ ಅರಚಿಕೊಂಡು ಅರಮನೆಯೊಳಗೆ ಓಡಿ ಅಗುಳಿ ಹಾಕ್ಕೊಂಡ. ಅವನ ಹಿಂದೆ ಆಳುಗಳು, ಆಳುಗಳ ಹಿಂದೆ ಜನ. ಕಣ್ಣು ಮುಚ್ಚಿ ಬಿಡೋದ್ರೊಳಗೆ ಅಂಗಳ ಖಾಲಿ!

ದುರುಗವ್ವ ಮಂಡಿನೋವು ಮರೆತು ಓಡಿ ಬಂದಳು. "ಬಾರೋ ಮಗನೇ! ಯಾರೂ ಇಲ್ಲ! ಓಡು!"

"ದೊರೆ ಅಲ್ಲಾಡಬೇಡ ಅಂದವ್ರೆ ಕಣವ್ವ."

"ಆ ದೊರೆ ಹೊರಗೆ ಬಂದ್ರೆ ನಿನ್ನ ತಲೆ ಇರಲ್ವೋ! ಬಾರೋ!"

"ಅವರು ಹೇಳಿಲ್ವಲ್ಲ."

ಎಳೆದಳು, ಗುದ್ದಿದಳು, ಕಾಲು ಹಿಡಿದಳು. ನೆಟ್ಟ ಕಂಬ! ಒಳಗಡೆ ದೊರೆ ಕೂಗಾಡೋದು ಕೇಳಿಸ್ತಿತ್ತು. ಏಕಪ್ಪನಿಗೂ ಅದೇ ಭಯ, ದೊರೆ ಹೊರಗೆ ಬಂದ್ರೆ ಕಣ್ಣು ಬರೆದವನನ್ನ ಬಿಡ್ತಾನಾ? ಚಿತ್ರ ಬರೆಯೋ ಏಣಿಯನ್ನ ನೆಲಕ್ಕೆ ಮಲಗಿಸಿದ. "ಅಕ್ಕಾ, ಇವನನ್ನ ಇದರ ಮೇಲೆ ಕೆಡವು! ಹೊತ್ಕೊಂಡು ಹೋಗೋಣ!" ಕೆಡವಿದ್ರು. ಮರದ ದಿಮ್ಮಿ ಹಂಗೆ ಬಿದ್ದ, ಬಿದ್ದಲ್ಲೇ ಬಿದ್ದಿದ್ದ. ಮುಂದೆ ಏಕಪ್ಪ, ಹಿಂದೆ ದುರುಗವ್ವ, ಏಣಿ ಹೊತ್ತು ಬಾಗಿಲಿಗೆ ಬಂದ್ರು.

ಬಾಗಿಲಲ್ಲಿ ಇಬ್ಬರು ಕಾವಲಿನವರು, ಕೈಯಲ್ಲಿ ಈಟಿ. ಏಣಿ ಮೇಲೆ ಸೆಟೆದು ಮಲಗಿದ್ದವನನ್ನ ನೋಡಿ ಅವರ ಮುಖ ಬಿಳಿಚಿತು. "ಹೋದ್ನಾ? ದೇವಿ ತಗೊಂಡ್ಲಾ?"

ದುರುಗವ್ವನಿಗೆ ಅಳು ಒಂದೇ ಬಂತು, ಅದು ನಿಜವಾದ ಅಳು. ಕಾವಲಿನವರು ಈಟಿ ಪಕ್ಕಕ್ಕೆ ಸರಿಸಿ ದಾರಿ ಬಿಟ್ರು. ಆಗ ಏಣಿ ಮೇಲಿಂದ ತಿಪ್ಪೇಶಿ ಅಂದ:

"ಇಲ್ಲಣ್ಣಾ! ಅಲ್ಲಾಡಬಾರ್ದಂತೆ ಅಷ್ಟೆ!"

ಹೆಣ ಮಾತಾಡ್ತು! ಒಬ್ಬ ಈಟಿ ಬಿಟ್ಟು ಬಲಕ್ಕೆ ಓಡಿದ, ಇನ್ನೊಬ್ಬ ಎಡಕ್ಕೆ. ಏಣಿ ಬಾಗಿಲು ದಾಟಿತು, ಊರು ದಾಟಿತು, ಹಳ್ಳ ದಾಟಿತು. ಗಡಿಕಲ್ಲಿನ ಹತ್ರ ಇಬ್ಬರೂ ಏಣಿ ಇಳಿಸಿ ಉಸ್ಸಂತ ಕೂತ್ರು. ದುರುಗವ್ವ ನಾಲ್ಕು ದಿನದಲ್ಲಿ ಮೊದಲನೇ ಸಲ ಹೊಟ್ಟೆ ತುಂಬ ನೀರು ಕುಡಿದಳು.

"ಏಳೋ ನನ್ನಪ್ಪಾ. ಬದುಕಿಕೊಂಡೆ."

ತಿಪ್ಪೇಶಿ ಮಲಗಿದಲ್ಲಿಂದಲೇ ಆಕಾಶ ನೋಡ್ತಾ ಗಾಬರಿಯಾದ. "ಅವ್ವಾ, ಬಾಳ ದೂರ ಬಂದ್ವಲ್ಲವ್ವಾ! ವಾಪಸ್ ಹೊತ್ಕೊಂಡು ಹೋಗ್ರಿ! ಈಗ ದೊರೆ 'ಅಲ್ಲಾಡು' ಅಂದ್ರೆ ನನಗೆ ಕೇಳಿಸೋದು ಹೆಂಗೆ?"

ದುರುಗವ್ವ ಎದ್ದು ಸೆರಗು ಬಿಗಿದಳು. ಏಣಿಗೆ ಹೆಗಲು ಕೊಟ್ಟಳು.

"ನಡಿ ಏಕಪ್ಪಾ," ಅಂದಳು, "ಇನ್ನೂ ದೂರ ನಡಿ. ಅವನು ಕೂಗಿದ್ರೆ ಇವನಿಗೆ ಕೇಳಿಸದಷ್ಟು ದೂರ."