ಮರುಹೊರೆ ದಿನ್ನೆ

ಭೀಮಾ ನದಿಯ ದಂಡೆಯಲ್ಲಿರುವ ನಮ್ಮ ಹೊಳೆಸಾಲೂರಿನ ಉತ್ತರಕ್ಕೆ, ಕೊನೆಯ ಮನೆಯಿಂದ ಒಂದು ಕೂಗಳತೆ ದೂರದಲ್ಲಿ, ಮಣ್ಣಿನ ದಿನ್ನೆಯೊಂದಿದೆ. ನೋಡಲು ಅಂಥ ಚಂದವೇನೂ ಇಲ್ಲ. ಅದರ ಹಿಂಬದಿ ಎತ್ತರವಾಗಿ ಏರಿ ನಿಂತಿದೆ. ಊರಿನ ಕಡೆಯ ಮಗ್ಗುಲು ಮಾತ್ರ ಯಾರೋ ಕಡಿದು ಒಯ್ದಂತೆ ತಗ್ಗಾಗಿದೆ. ಆ ಮಗ್ಗುಲಿನಿಂದ ಹೊರಟ ಮಣ್ಣಿನ ಏರಿಯೊಂದು, ಎರಡು ಬಂಡಿಗಳು ಎದುರುಬದುರಾಗಿ ದಾಟುವಷ್ಟು ಅಗಲವಾಗಿ, ನೇರ ಊರಿನ ಅಗಸಿಬಾಗಿಲಿಗೆ ಬಂದು ಸೇರುತ್ತದೆ. ಬಂದವರು ಇದು ಹಾಳುಬಿದ್ದ ಕೋಟೆಯೇ ಎಂದು ಕೇಳುತ್ತಾರೆ. ಒಳಗೆ ನಿಧಿ ಇದೆಯೇ ಎಂದು ಕೇಳಿದವರೂ ಉಂಟು. ಒಬ್ಬ ಪುಣ್ಯಾತ್ಮ ನಿಂಬೆಹಣ್ಣು, ಕುಂಕುಮ ಹಿಡಿದುಕೊಂಡೇ ಬಂದಿದ್ದ. ಮಣ್ಣು, ಬರೀ ಮಣ್ಣು, ಬುಟ್ಟಿಯಲ್ಲಿ ಹೊತ್ತು ಹಾಕಿದ್ದು ಎಂದರೆ ಅವರ ಮುಖ ಸಪ್ಪಗಾಗುತ್ತದೆ. ನೆರೆ ಬಂದ ವರ್ಷಗಳಲ್ಲಿ ಅಧಿಕಾರಿಗಳು ನಕ್ಷೆ ಹಿಡಿದು ಬಂದು ಅಳತೆ ಮಾಡುತ್ತಾರೆ, ಮರುಹೊರೆ ಅಂದರೇನು ಎಂದು ವಿಚಾರಿಸುತ್ತಾರೆ. ಊರವರು ನನ್ನ ಮನೆಯ ಕಡೆ ಬೊಟ್ಟು ಮಾಡುತ್ತಾರೆ. ಮಾಸ್ತರಿಕೆಯಿಂದ ನಿವೃತ್ತನಾಗಿ ಇಪ್ಪತ್ತು ವರ್ಷ ಕಳೆದರೂ ಈ ಒಂದು ಪಾಠದಿಂದ ನನಗೆ ಬಿಡುಗಡೆಯಿಲ್ಲ. ಹೇಳಿ ಹೇಳಿ ಸಾಕಾಗಿದೆ. ಬೇಕಾದವರು ಓದಿಕೊಳ್ಳಲಿ ಎಂದು ಈಗ ಬರೆದಿಡುತ್ತಿದ್ದೇನೆ.

ಹಿಂದೆ ಒಮ್ಮೆ, ಯಾವ ಅರಸರ ಕಾಲವೆಂದು ಹೇಳುವವರು ಈಗ ಉಳಿದಿಲ್ಲ, ಹಸ್ತ ಮಳೆಯಲ್ಲಿ ಭೀಮೆ ಎರಡೂ ದಡ ಮೀರಿ ಬಂದಳು ಎನ್ನುತ್ತಾರೆ. ಊರಿನ ಗೌಡನಾದ ರೇವಗೌಡ ಆ ದಿನ ಬೀಗರ ಊರಿಗೆ ಹೋಗಿದ್ದ. ಮೂರನೆಯ ದಿನ ನೀರು ಇಳಿದ ಮೇಲೆ ಬಂದು ನೋಡಿದರೆ ಅರ್ಧ ಊರು ಕರಗಿಹೋಗಿತ್ತು. ಅವನ ಹೆಂಡತಿ ಸಾಬವ್ವ ನೆರೆಹೊರೆಯವರೊಂದಿಗೆ ಹತ್ತಿ ಕೂತಿದ್ದ ಗೌಡಕಿಯ, ಅಂದರೆ ಗೌಡನ ಮನೆಯ, ಮಾಳಿಗೆ ಇದ್ದಲ್ಲಿ ಒಂದು ಬೀಸುವ ಕಲ್ಲು ಮಾತ್ರ ಉಳಿದಿತ್ತು. ಊರಿಗೆಲ್ಲ ಆಗ ಇದ್ದದ್ದು ಒಂದೇ ಹರಿಗೋಲು, ಚರ್ಮ ಹೊದಿಸಿದ ದುಂಡು ದೋಣಿ. ಅದನ್ನು ನಡೆಸುತ್ತಿದ್ದವಳು ಅಂಬಿಗರ ಪರವ್ವ. ಗಂಡ ತೀರಿಕೊಂಡ ಮೇಲೆ ಹುಟ್ಟು ಅವಳ ಕೈಗೆ ಬಂದಿತ್ತು. ನೆರೆಯ ದಿನ ಅವಳು ಬೆಳಗಿನಿಂದ ಸಂಜೆಯವರೆಗೆ ಎಷ್ಟು ಸಲ ಹೋಗಿ ಬಂದಳೋ, ಎಷ್ಟು ಜೀವ ದಡಕ್ಕೆ ತಂದಳೋ, ಊರು ಅವಳನ್ನು ಬಾಯಿ ತುಂಬ ಹೊಗಳಿತು, ಸೀರೆ ಕೊಟ್ಟಿತು. ಅವಳು ಆ ಸೀರೆಯನ್ನು ಉಡಲಿಲ್ಲ. ಅಂದಿನಿಂದ ನೆಟ್ಟಗೆ ಒಂದು ನಿದ್ದೆಯನ್ನೂ ಮಾಡಲಿಲ್ಲ ಎನ್ನುತ್ತಾರೆ. ಗೌಡಕಿಯ ಮಾಳಿಗೆಯಿಂದ ಆರು ಮಂದಿ ಬದುಕಿ ಬಂದಿದ್ದರು. ಹೇಗೆ ಬಂದಿರಿ ಎಂದು ಗೌಡ ಅವರನ್ನು ಕೇಳಲಿಲ್ಲ. ಬಂದವರೂ ಅವನೆದುರು ಆ ಮಾತು ಎತ್ತಲಿಲ್ಲ.

ಹೆಂಡತಿಯನ್ನು ಕಳೆದುಕೊಂಡ ರೇವಗೌಡ ಗುಡಿ ಕಟ್ಟಿಸಲಿಲ್ಲ, ಬಾವಿ ತೋಡಿಸಲಿಲ್ಲ. ಊರು ಬಿಟ್ಟು ಹೋಗೋಣ ಎಂದವರಿಗೆ, ಹೊಲವನ್ನು ಬುಟ್ಟಿಯಲ್ಲಿ ತುಂಬಿಕೊಂಡು ಹೋಗುತ್ತೀರಾ ಎಂದು ಕೇಳಿದನಂತೆ. ಅವನ ಮನಸ್ಸಿನಲ್ಲಿದ್ದದ್ದು ಬೇರೆ. ಈ ಬಯಲು ಸೀಮೆಯಲ್ಲಿ ಹತ್ತಿ ನಿಲ್ಲಲು ಒಂದು ಗುಡ್ಡವಿಲ್ಲ. ದೇವರು ಕೊಡದಿದ್ದರೆ ನಾವೇ ಮಾಡಿಕೊಳ್ಳೋಣ ಎಂದ. ಸುಗ್ಗಿ ಮುಗಿದು ಮೃಗಶಿರ ಮಳೆ ಹುಟ್ಟುವವರೆಗೆ ಪ್ರತಿ ಮನೆಯ ಪ್ರತಿ ಆಳು ದಿನಕ್ಕೆ ಹತ್ತು ಬುಟ್ಟಿ ಮಣ್ಣು ಹಾಕಬೇಕು ಎಂದು ಡಂಗುರ ಸಾರಿಸಿದ. ಹೊರುವವರಲ್ಲಿ ಮುದುಕಿಯರಿದ್ದರು, ಬಸುರಿಯರಿದ್ದರು. ಅವರಿಗೆ ದೂರವಾಗಬಾರದೆಂದು ದಿನ್ನೆಯ ಮಗ್ಗುಲಲ್ಲೇ, ಊರಿಗೂ ದಿನ್ನೆಗೂ ನಡುವಿನ ನೆಲದಲ್ಲಿ, ಮಣ್ಣು ಅಗೆಯಿರಿ ಎಂದ. ಕರುಣೆಯಿಂದ ಹೇಳಿದ ಮಾತು ಅದು. ಒಂಬತ್ತು ಬೇಸಿಗೆ ಜನ ಹೊತ್ತರು. ಹುಬ್ಬಳ್ಳಿ ಧಾರವಾಡದ ಕಡೆಯಿಂದ ಸೊಸೆಯಾಗಿ ಬಂದವಳಿಗೂ ಕಾಲಿಟ್ಟ ಮರುದಿನವೇ ಬುಟ್ಟಿ ಕೊಟ್ಟರಂತೆ. ದಿನ್ನೆ ಆಲದ ಮರವನ್ನು ಮೀರಿ ಬೆಳೆಯಿತು. ಜನ ಅದನ್ನು ಗೌಡರ ದಿನ್ನಿ ಎಂದು ಕರೆದರು. ಗೌಡನಿಗೆ ಆ ಹೆಸರು ಹಿತವಾಗಿಯೇ ಇತ್ತು.

ದಿನ್ನೆ ಏರಿದಷ್ಟೂ ಅದರ ಬುಡದ ತಗ್ಗು ಇಳಿಯುತ್ತಿತ್ತು. ಊರಿಗೂ ದಿನ್ನೆಗೂ ನಡುವೆ, ಈ ಕೊನೆಯಿಂದ ಆ ಕೊನೆಗೆ, ಆಳೆತ್ತರಕ್ಕೂ ಮಿಕ್ಕ ಗುಂಡಿ ಬಿದ್ದಿತ್ತು. ಬೇಸಿಗೆಯಲ್ಲಿ ಜನ ಅದರಲ್ಲಿ ಇಳಿದು ಹತ್ತಿ ಹೋಗುತ್ತಿದ್ದರು, ಒಣನೆಲ, ಯಾರಿಗೂ ಅದೊಂದು ತೊಡಕಾಗಿ ಕಾಣಲಿಲ್ಲ. ಕಂಡದ್ದು ಪರವ್ವನಿಗೆ. ನೆರೆ ಅಂದರೆ ಊರವರೆಲ್ಲ ನದಿಯ ಘಾಟಿನ ಮೆಟ್ಟಿಲು ಎಣಿಸುತ್ತಾ ಕೂರುತ್ತಾರೆ. ನೀರು ಮೊದಲು ಬರುವುದು ಅಲ್ಲಿಂದಲ್ಲ ಎಂದು ಅವಳಿಗೆ ಗೊತ್ತಿತ್ತು. ಊರ ಹಿಂದೆ ಒಂದು ಹಳ್ಳವಿದೆ. ಹೊಳೆ ತುಂಬಿದಾಗ ಹಳ್ಳದ ನೀರಿಗೆ ಹೋಗಲು ದಾರಿಯಿಲ್ಲದೆ ಅದು ಹಿಮ್ಮುಖವಾಗಿ ಸರಿದು, ತಗ್ಗಿದ್ದಲ್ಲಿ ಸದ್ದಿಲ್ಲದೆ ತುಂಬಿಕೊಳ್ಳುತ್ತದೆ. ಘಾಟು ಮುಳುಗುವ ಮೊದಲೇ ಈ ಗುಂಡಿ ತುಂಬುತ್ತದೆ, ದಿನ್ನೆ ಆ ಕಡೆ ಉಳಿಯುತ್ತದೆ, ನಾವು ಈ ಕಡೆ ಉಳಿಯುತ್ತೇವೆ ಎಂದು ಅವಳು ಗೌಡನಿಗೆ ಹೇಳಿದಳು. ಒಂಬತ್ತು ವರ್ಷದ ಮೇಲೆ ಇಂಥ ಮಾತು ಯಾರಿಗೆ ತಾನೆ ರುಚಿಸೀತು? ಹೊಳೆಯ ಮುಂದೆ ಕೂತು ಕೂತು ಇವಳಿಗೆ ಎಲ್ಲ ಕಡೆಯೂ ನೀರೇ ಕಾಣುತ್ತದೆ ಎಂದು ಗೌಡ ನಕ್ಕನಂತೆ.

ಪರವ್ವ ವಾದ ಮಾಡಲಿಲ್ಲ. ಈಜು ಕಲಿಯುವವರು ಬೆನ್ನಿಗೆ ಕಟ್ಟಿಕೊಳ್ಳುವ ಒಣ ಸೋರೆಬುರುಡೆಗಳನ್ನು ಹಗ್ಗ ಕಟ್ಟಿ, ಗುಂಡಿಯ ತಳದಲ್ಲಿ ಗೂಟ ಹೊಡೆದು ಸಾಲಾಗಿ ಬಿಟ್ಟಳು. ಆ ವರ್ಷ ಆಶ್ಲೇಷ ಮಳೆಗೆ ಒಂದು ಸಣ್ಣ ನೆರೆ ಬಂತು. ಜನ ರೂಢಿಯಂತೆ ಘಾಟಿನಲ್ಲಿ ಸೇರಿದ್ದರು. ನೀರು ನಾಲ್ಕು ಮೆಟ್ಟಿಲು ಏರಿತ್ತು, ಇನ್ನೂ ಇಪ್ಪತ್ತು ಉಳಿದಿದ್ದವು, ಎಲ್ಲರೂ ನಿಶ್ಚಿಂತರಾಗಿ ಎಲೆ ಅಡಿಕೆ ಜಗಿಯುತ್ತಿದ್ದರು. ಪರವ್ವ ಬಂದು, ‘ಗೌಡ್ರ, ಒಂದೀಟು ನಿಮ್ಮ ದಿನ್ನಿಗೆ ಹೋಗಿ ಬರೂಣು ಬರ್ರಿ,’ ಎಂದು ಕರೆದಳು. ಗೌಡ ಕೋಲೂರಿಕೊಂಡು ಹೊರಟ, ಹಿಂದೆ ಊರು ಹೊರಟಿತು. ಗುಂಡಿಯಲ್ಲಿ ಕೆಂಪು ನೀರು ದಂಡೆ ಮುಟ್ಟಿ ನಿಂತಿತ್ತು. ಸೋರೆಬುರುಡೆಗಳು ಅವರ ಕಾಲ ಮಟ್ಟಕ್ಕೆ ಬಂದು ತೇಲುತ್ತಿದ್ದವು. ಗೌಡ ಕೋಲನ್ನು ಇಳಿಬಿಟ್ಟು ನೋಡಿದ; ಕೋಲು ಮುಳುಗಿತು, ತಳ ಸಿಗಲಿಲ್ಲ. ದಿನ್ನೆ ಆಚೆ ದಡದಲ್ಲಿ ಒಣಗಿಕೊಂಡು ನಿಂತಿತ್ತು.

ಗೌಡ ಕೋಲನ್ನು ಮೇಲೆತ್ತಿಕೊಂಡು, ಇನ್ನೂ ಮೂರು ನಾಲ್ಕು ಹರಿಗೋಲು ಮಾಡಿಸೋಣ ಬಿಡು ಎಂದ. ಆಗ ಪರವ್ವ, ಆ ನೆರೆಯ ದಿನದ ಬಗ್ಗೆ ಅಷ್ಟು ವರ್ಷ ಬಾಯಿ ಬಿಡದವಳು, ಊರೆಲ್ಲ ಕೇಳುವಂತೆ ಹೇಳಿದಳು ಎನ್ನುತ್ತಾರೆ.

‘ಹರಗೋಲದ ಮಾತು ತಗೀಬ್ಯಾಡ್ರಿ ಗೌಡ್ರ. ಹರಗೋಲ ಅಂದ್ರ ಆರಿಸೂದು. ಅವತ್ತ ನಿಮ್ಮ ಮಾಳಗಿ ಮ್ಯಾಲ ಹದಿನೇಳು ಮಂದಿ ಇದ್ರು. ನನ್ನಲ್ಲಿ ಆರು ಮಂದಿಗೆ ಜಾಗ. ನಾನ ಆರಿಸಿದೆ.’

‘ಸಾಬವ್ವ?’ ಎಂದು ಗೌಡ ಕೇಳಿದ.

‘ಗೌಡ್ತಿನ್ನ ನಾ ಕರೀಲಿಲ್ಲರಿ. ಕೂಸು ಇದ್ದಾಕಿನ್ನ ಕರದೆ. ಗೌಡ್ತಿ ಏನೂ ಅನ್ನಲಿಲ್ಲ, ಆ ಕೂಸಿನ್ನ ತಾವ ಎತ್ತಿ ನನ್ನ ಕೈಯಾಗ ಕೊಟ್ರು. ತಿರುಗಿ ಬರ್ತೀನ್ರಿ ಅಂದೆ. ಬರೂದ್ರಾಗ ಮಾಳಗಿ ಇರಲಿಲ್ಲ.’ ಅವಳು ಕಣ್ಣೊರೆಸಿಕೊಳ್ಳಲಿಲ್ಲ, ಅಷ್ಟು ದಣಿದಿದ್ದಳು. ‘ಮತ್ತೊಮ್ಮಿ ಆರಿಸು ಅಂತ ನನಗ ಹೇಳಬ್ಯಾಡ್ರಿ. ನನ್ನ ಕೈಲೆ ಆಗೂದಿಲ್ಲ.’

ಗುಂಡಿ ಮುಚ್ಚಬೇಕು, ಮಣ್ಣು ಎಲ್ಲಿಂದ ತರಬೇಕು? ದೂರದ ಹೊಲದಿಂದ ಹೊತ್ತರೆ ಮತ್ತೆ ಒಂಬತ್ತು ವರ್ಷ. ಕೈಗೆಟಕುವ ಮಣ್ಣು ಒಂದೇ ಕಡೆ ಇತ್ತು, ದಿನ್ನೆಯಲ್ಲಿ. ಏರಿಸಿದ್ದನ್ನೇ ಇಳಿಸಬೇಕು, ಹೊತ್ತದ್ದನ್ನೇ ಮತ್ತೆ ಹೊರಬೇಕು. ಬೇಸಿಗೆ ಬಂದಾಗ ಗೌಡ ಡಂಗುರ ಸಾರಿಸಿದ. ಒಬ್ಬರೂ ಬರಲಿಲ್ಲ. ನಾನು ಅವರದು ತಪ್ಪು ಎನ್ನಲಾರೆ. ಒಂಬತ್ತು ಬೇಸಿಗೆ ನೆತ್ತಿಯ ಕೂದಲು ಸವೆಸಿಕೊಂಡವರಿಗೆ, ಅದು ಸರಿಯಾಗಲಿಲ್ಲ, ತಿರುಗಿ ತನ್ನಿ ಎಂದರೆ ಕಾಲು ಏಳುವುದಾದರೂ ಹೇಗೆ? ಮೊದಲ ದಿನ ಪರವ್ವ ಒಬ್ಬಳೇ ಹೊರುತ್ತಿದ್ದಳು. ಎರಡನೆಯ ದಿನ ರೇವಗೌಡ ತನ್ನ ರುಮಾಲನ್ನೇ ಸುತ್ತಿ ಸಿಂಬಿ ಮಾಡಿ ಬುಟ್ಟಿ ಹೊತ್ತ. ಅಲ್ಲಿಯವರೆಗೆ ಗೌಡಕಿಯ ಪಾಲಿನ ಮಣ್ಣನ್ನು ಆಳುಗಳು ಹೊರುತ್ತಿದ್ದರು, ಅವನ ತಲೆಗೆ ಬುಟ್ಟಿಯ ಗುರುತೇ ಇರಲಿಲ್ಲ. ಅರ್ಧ ಮಣ್ಣು ದಾರಿಯಲ್ಲಿ ಚೆಲ್ಲುತ್ತಿತ್ತು, ಉಳಿದರ್ಧ ಅವನ ಹೆಗಲ ಮೇಲೆ ಸುರಿಯುತ್ತಿತ್ತು. ಮೂರು ದಿನ ನೋಡಿದ ಹೆಂಗಸರು ನಾಲ್ಕನೆಯ ದಿನ ತಡೆಯಲಾರದೆ ಹೊರಬಂದರು. ‘ನೀವು ಹೊರೂದು ನೋಡಿ ನೋಡಿ ನಮ್ಮ ಕುತ್ತಿಗಿ ನೋಯಾಕತ್ಯಾವ್ರಿ ಗೌಡ್ರ, ಕೊಡ್ರಿ ಇಲ್ಲಿ,’ ಎಂದು ಒಬ್ಬಾಕೆ ಬುಟ್ಟಿ ಕಸಿದುಕೊಂಡಳಂತೆ. ಗೌಡ ಬೇರೊಂದು ಬುಟ್ಟಿ ತೆಗೆದುಕೊಂಡ. ಗಂಡಸರು ಬೈದುಕೊಳ್ಳುತ್ತಲೇ ಹಿಂದೆ ಬಂದರು. ನಡೀರಪ್ಪ ಮರುಹೊರಿಗೆ, ಬಂತು ನೋಡು ಮರುಹೊರಿ ಎಂದು ಬೆಳಗಾದರೆ ಗೊಣಗುತ್ತಿದ್ದರು. ಗೌಡರ ದಿನ್ನಿ ಎಂಬ ಹೆಸರು ಆ ಗೊಣಗಾಟದಲ್ಲಿ ಸವೆದು ಹೋಯಿತು. ಅಂದಿನಿಂದ ಅದು ಮರುಹೊರೆ ದಿನ್ನೆ.

ಸುಮ್ಮನೆ ಸುರಿದ ಮಣ್ಣು ಮೊದಲ ಮಳೆಗೇ ಕೊಚ್ಚಿಹೋಗುತ್ತದೆ. ಅದಕ್ಕೆ ಪರವ್ವ ಒಂದು ಪದರ ಮಣ್ಣು, ಒಂದು ಪದರ ಜಾಲಿಯ ಕಂಟಿ ಹಾಕಿಸಿದಳು. ಬಡಿದು ಗಟ್ಟಿ ಮಾಡಲು ಜನರ ತೋಳಿನಲ್ಲಿ ಕಸುವು ಉಳಿದಿರಲಿಲ್ಲ. ಆ ಕೆಲಸವನ್ನು ದನಗಳಿಗೆ ವಹಿಸಿದರು: ಮೇಯಿಸಲು ಹೋದ ಊರ ದನವೆಲ್ಲ ಸಂಜೆ ಮನೆಗೆ ಬರುವ ಮುನ್ನ ಆ ಏರಿಯ ಮೇಲೆ ದಿನ್ನೆಯವರೆಗೆ ಹೋಗಿ ತಿರುಗಿ ಬರಬೇಕು. ಎರಡು ಬೇಸಿಗೆಯಲ್ಲಿ ಗೊರಸುಗಳು ಆ ಮಣ್ಣನ್ನು ಕಲ್ಲಿನಂತೆ ತುಳಿದವು. ಏರಿ ಎಷ್ಟು ಅಗಲ ಬೇಕು ಎಂದು ಕೇಳಿದಾಗ, ಹಿಂದಿನವರು ಮುಂದಿನವರನ್ನು ನೂಕದಷ್ಟು ಎಂದಳಂತೆ. ಸೋರೆಬುರುಡೆಗಳು ಹಳ್ಳದ ಬಾಯಿಗೆ ಹೋದವು. ಇನ್ನು ಮೇಲೆ ಘಾಟಿನ ಮೆಟ್ಟಿಲು ಎಣಿಸಬಾರದು, ಬುರುಡೆ ನೆಲ ಬಿಟ್ಟಿತೆಂದರೆ ಮನೆ ಬಿಡಬೇಕು ಎಂದು ಊರು ಕೂಡಿ ಗೊತ್ತುಮಾಡಿತು. ದಿನಾ ಬೆಳಿಗ್ಗೆ ಒಂದೊಂದು ಮನೆಯವರು ಸರದಿಯಲ್ಲಿ ಹೋಗಿ ನೋಡಿ ಬರುತ್ತಿದ್ದರು.

ಮರುವರ್ಷ ಹಸ್ತ ಮಳೆಗೆ ಹಿಂದಿನದಕ್ಕಿಂತ ದೊಡ್ಡ ನೆರೆ ಬಂತು. ಅದು ಮೇಲುಸೀಮೆಯ ಮಳೆ; ಊರಲ್ಲಿ ಬಿಸಿಲಿತ್ತು. ಬೆಳಿಗ್ಗೆ ಸರದಿಯವರು ಓಡಿ ಬಂದು ಬುರುಡೆ ತೇಲಿವೆ ಎಂದಾಗ ಘಾಟಿನಲ್ಲಿ ಇನ್ನೂ ಹನ್ನೆರಡು ಮೆಟ್ಟಿಲು ಬಾಕಿ. ಆದರೂ ಜನ ಹೊರಟರು. ದನಗಳನ್ನು ಬಿಚ್ಚಿದ್ದೇ ತಡ, ದಿನವೂ ತುಳಿದ ದಾರಿಯನ್ನು ಹಿಡಿದು ಅವೇ ಮುಂದಾದವು. ಅವುಗಳ ಹಿಂದೆ ಮುದುಕರು, ಬಾಣಂತಿಯರು, ಬೀಸುವ ಕಲ್ಲನ್ನೂ ಬಿಡಲಾರದೆ ಹೊತ್ತವರು. ಪರವ್ವ ಅಗಸಿಯ ಬಳಿ, ಏರಿಯ ಮಗ್ಗುಲಿನ ಮೊಣಕಾಲು ನೀರಿನಲ್ಲಿ ಹರಿಗೋಲು ಹಿಡಿದು ನಿಂತಿದ್ದಳು. ಯಾರಾದರೂ ಕೂಗುತ್ತಾರೆ ಎಂದು ಅವಳ ಕಿವಿ ಊರ ಕಡೆಗೇ ಇತ್ತು. ಮುನ್ನೂರು ಮಂದಿ ಅವಳ ಮುಂದೆಯೇ ನಡೆದು ಹೋದರು. ಒಬ್ಬರೂ ಅವಳ ಹೆಸರು ಹಿಡಿದು ಕೂಗಲಿಲ್ಲ. ಕೊನೆಗೆ ರೇವಗೌಡ ಬಂದು, ‘ಎಲ್ಲಾರೂ ದಾಟ್ಯಾರವ್ವ. ನಾ ಮನಿ ಮನಿ ಹೊಕ್ಕು ನೋಡೀನಿ. ನಡಿ,’ ಎಂದ. ಇಬ್ಬರೂ ಹರಿಗೋಲನ್ನು ಎಳೆದುಕೊಂಡು ದಿನ್ನೆ ಹತ್ತಿದರು. ಮಧ್ಯಾಹ್ನದ ಹೊತ್ತಿಗೆ ಊರು ಮುಳುಗಿತು. ಮಾಳಿಗೆಗಳು ಒಂದೊಂದೇ ಕುಸಿಯುವಾಗ ಹೆಂಗಸರು ಗೋಳೋ ಎಂದು ಅತ್ತರು. ಪರವ್ವನಿಗೆ ಅದು ಕೇಳಿಸಲಿಲ್ಲ. ಹರಿಗೋಲನ್ನು ಬೋರಲು ಹಾಕಿ, ಅದರ ನೆರಳಲ್ಲಿ ಕಾಲು ಚಾಚಿ, ಅವಳು ನಿದ್ದೆ ಹೋಗಿದ್ದಳು. ಗೌಡ ತನ್ನ ಕಂಬಳಿ ಹೊದಿಸಿ, ಯಾರೂ ಎಬ್ಬಿಸದಂತೆ ಪಕ್ಕದಲ್ಲಿ ಕೂತ. ಮರುದಿನ ಹೊತ್ತೇರುವವರೆಗೆ ಅವಳು ಏಳಲಿಲ್ಲ ಎನ್ನುತ್ತಾರೆ.

ಮಣ್ಣಿನ ಕೆಲಸಕ್ಕೆ ಮುಗಿತಾಯವಿಲ್ಲ. ಪ್ರತಿ ಮಳೆಗೆ ಏರಿ ಒಂದಿಷ್ಟು ಜರಿಯುತ್ತದೆ, ಪ್ರತಿ ಬೇಸಿಗೆಗೆ ನಾವು ತುಂಬುತ್ತೇವೆ. ಈಗಿನ ಮಳೆಯಂತೂ ನಕ್ಷತ್ರಕ್ಕೆ ಸಿಗುವುದಿಲ್ಲ, ಬಂದರೆ ಒಂದೇ ದಿನ ಬಂದು ಬಡಿಯುತ್ತದೆ. ಹಾಗಾಗಿ ಮಣ್ಣೂ ಹೆಚ್ಚು ಬೇಕು. ಜೆಸಿಬಿ ತರಿಸಿ ಒಂದೇ ದಿನ ಮುಗಿಸೋಣ ಎನ್ನುವ ಹುಡುಗರಿದ್ದಾರೆ, ನಾನೂ ಬೇಡ ಎನ್ನುವುದಿಲ್ಲ, ನನ್ನ ಮೊಣಕಾಲಿಗೆ ಅದೇ ಒಳ್ಳೆಯದು. ಆದರೂ ಮೃಗಶಿರ ಹುಟ್ಟುವ ಹಿಂದಿನ ದಿನ ಊರಿನ ಪ್ರತಿ ಮನೆಯವರು ಬುಟ್ಟಿ ಹೊರುತ್ತಾರೆ. ಆ ದಿನ ಬಂದವರು ಒಂದು ವಿಚಿತ್ರ ನೋಡುತ್ತಾರೆ. ಉರಿಬಿಸಿಲಿನಲ್ಲಿ ಊರಿಗೆ ಊರೇ ಬೆವರು ಸುರಿಸುತ್ತಿರುವಾಗ ಅಂಬಿಗರ ಓಣಿಯವರು, ಗಟ್ಟಿಮುಟ್ಟಾದ ಗಂಡಸರು ಹೆಂಗಸರು, ಬೇವಿನ ನೆರಳಲ್ಲಿ ಕೈಕಟ್ಟಿ ಕೂತಿರುತ್ತಾರೆ. ಹೊರಲು ಎದ್ದರೆ ಊರವರು ಬಿಡುವುದಿಲ್ಲ. ಅವರಿಗೆ ಬಹಿಷ್ಕಾರ ಹಾಕಿದ್ದೀರಾ ಎಂದು ಕಳೆದ ವರ್ಷ ಒಬ್ಬ ಅಧಿಕಾರಿ ಸಿಟ್ಟಿನಿಂದಲೇ ಕೇಳಿದರು. ತಲೆಯ ಮೇಲೆ ಬುಟ್ಟಿ ಹೊತ್ತು ಹೋಗುತ್ತಿದ್ದ ಹೆಣ್ಣುಮಗಳೊಬ್ಬಳು, ತನಗೆ ತನ್ನ ಅತ್ತೆ ಹೇಳಿಕೊಟ್ಟಿದ್ದಷ್ಟನ್ನೇ, ನಿಲ್ಲದೆ ಹೇಳಿ ಮುಂದೆ ಹೋದಳು. ‘ಇಲ್ಲರೀ ಸಾಹೇಬ್ರ, ಅವ್ರು ದಣದಾರ.’